ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?

1950ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಆಗಷ್ಟೇ ಸೇರಿದ್ದ ಸುಮಾರು 1500 ವಿದ್ಯಾರ್ಥಿಗಳ ಕೈಗೆ ಇತಿಹಾಸ ಪುಸ್ತಕವೊಂದರ 30 ಪುಟಗಳ ಅಧ್ಯಾಯವನ್ನು ಕೊಟ್ಟರು. 1066ರಿಂದ 1272ರವರೆಗೆ ಇಂಗ್ಲೆಂಡಿನಲ್ಲಿ ರಾಜ್ಯವ್ಯವಸ್ಥೆ ಬೆಳೆದು ಬಂದ ಬಗೆ ಅದರ ವಸ್ತು. ಓದಲು ಶುರು ಮಾಡಿ 22 ನಿಮಿಷವಾದ ಮೇಲೆ ನಿಲ್ಲಿಸಿದರು. ವಿವರಗಳ ಬಗ್ಗೆ ಕೇಳಿದ ಬಹುಆಯ್ಕೆಯ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಚೆನ್ನಾಗಿಯೇ ಉತ್ತರಿಸಿದರು. ಆಮೇಲೆ ಇನ್ನೊಂದು ಪ್ರಶ್ನೆ ಬಂತು: ಈ ಅಧ್ಯಾಯ ಒಟ್ಟಾರೆಯಾಗಿ ಯಾವುದರ ಬಗ್ಗೆ ಇದೆ ಎಂದು ನಾಲ್ಕು ಮಾತಿನಲ್ಲಿ ಬರೆಯಬಲ್ಲಿರಾ? ಬರೆಯಬಲ್ಲವರು 15 ಮಂದಿ ಮಾತ್ರ ಸಿಕ್ಕರು, ನೂರಕ್ಕೆ ಒಬ್ಬರು.

ಅಧ್ಯಾಯದ ಕೊನೆಯಲ್ಲಿ ಇಡೀ ವಿಷಯದ ಸಾರಾಂಶ ಒಂದು ಪ್ಯಾರಾದಲ್ಲಿ ಅಚ್ಚಾಗಿತ್ತು. ಪುಟ ತಿರುಗಿಸಿ ನೋಡಿದ್ದರೆ ಸಾಕಿತ್ತು, ಆದರೆ ಬಹುತೇಕರು ನೋಡಲಿಲ್ಲ. ಮೊದಲನೆಯ ಸಾಲಿನಿಂದ ಹಿಡಿದು ಒಂದೊಂದೇ ಸಾಲನ್ನು ಶ್ರದ್ಧೆಯಿಂದ ಓದುತ್ತಾ ಹೋದರು. ಈ ಪ್ರಯೋಗ ಮಾಡಿದವರು ವಿಲಿಯಂ ಪೆರಿ. ಹಾರ್ವರ್ಡಿನಲ್ಲಿ ಓದಿನ ತೊಂದರೆ ಇರುವ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಕೇಂದ್ರದ ಮುಖ್ಯಸ್ಥರಾಗಿದ್ದವರು. ಅವರು ಕಂಡುಕೊಂಡದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ‘ಗುರಿಯಿಲ್ಲದ ವಿಧೇಯತೆ’. ಈ ಹುಡುಗರಿಗೆ ಓದಲು ಬರುವುದಿಲ್ಲ ಎಂದಲ್ಲ. ದೇಶದ ಅತ್ಯುತ್ತಮ ಶಾಲೆಗಳಿಂದ ಆಯ್ದು ತಂದವರು ಅವರು. ಓದುವುದೆಂದರೆ ಹೇಳಿದ ಕಡೆಯಿಂದ ಶುರು ಮಾಡಿ, ನಿಲ್ಲಿಸಿ ಎನ್ನುವವರೆಗೆ ಸಾಗುವುದು ಎಂದು ಅವರು ನಂಬಿದ್ದರು. ಪುಸ್ತಕಕ್ಕೆ ಪ್ರಶ್ನೆ ಹಾಕಿ ಓದಬಹುದು ಎಂಬುದು ಅವರ ಕಲ್ಪನೆಯಲ್ಲೇ ಇರಲಿಲ್ಲ.

ಇತಿಹಾಸ ಪಾಠ ಮಾಡುವುದು ನನ್ನ ವೃತ್ತಿ. ಪೆರಿಯ ಈ ವರದಿಯನ್ನು ಓದಿದಾಗ ನನಗೆ ಹಾರ್ವರ್ಡ್ ಅಷ್ಟೇನೂ ದೂರ ಅನ್ನಿಸಲಿಲ್ಲ. ಪಠ್ಯದ ಪ್ರತಿಯೊಂದು ಸಾಲಿಗೂ ಗುಲಾಬಿ ಬಣ್ಣ ಬಳಿದು, ಬಳಿಯದೇ ಉಳಿದ ಸಾಲೇ ಇಲ್ಲದಂತೆ ಮಾಡಿದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಎಲ್ಲವೂ ಮುಖ್ಯ ಎನ್ನುವುದು ಯಾವುದು ಮುಖ್ಯವೆಂದು ತಿಳಿಯದೇ ಇರುವುದರ ಇನ್ನೊಂದು ರೂಪ. ನಾವು ಇಂಥ ವಿದ್ಯಾರ್ಥಿಗಳನ್ನು ನೋಡಿದ ಕೂಡಲೇ ‘ಬುದ್ಧಿ ಸಾಲದು’ ಎಂದೋ ‘ಶ್ರಮ ಸಾಲದು’ ಎಂದೋ ಹೇಳಿಬಿಡುತ್ತೇವೆ. ಇವೆರಡೂ ಅಲ್ಲದ ಮೂರನೆಯ ಕಾರಣವೊಂದಿದೆ: ಜ್ಞಾನವೆಂದರೆ ಏನು, ಅದು ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಸದ್ದಿಲ್ಲದೆ ಕೂತಿರುವ ನಂಬಿಕೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ನಂಬಿಕೆಗಳ ಬಗ್ಗೆ ನಡೆದಿರುವ ಹುಡುಕಾಟಕ್ಕೇ ಒಂದು ಇತಿಹಾಸವಿದೆ. ಅದು ನಮ್ಮ ತರಗತಿಗಳಿಗೂ ಸಂಬಂಧಿಸಿದ್ದು.

1954ರಲ್ಲಿ ಪೆರಿ ಮತ್ತು ಅವರ ಸಹೋದ್ಯೋಗಿಗಳು ಮೊದಲ ವರ್ಷದ 313 ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಕೊಟ್ಟರು. ಅವರಲ್ಲಿ 31 ಮಂದಿಯನ್ನು ವರ್ಷದ ಕೊನೆಯಲ್ಲಿ ಕರೆದು ಮಾತನಾಡಿಸಿದರು. ಕೇಳಿದ್ದು ತೀರಾ ಸರಳ ಪ್ರಶ್ನೆ: ಈ ವರ್ಷ ನಿಮ್ಮ ಮನಸ್ಸಿನಲ್ಲಿ ಉಳಿದದ್ದು ಏನು? ಮುಂದಿನ ಪ್ರತಿವರ್ಷವೂ ಅದೇ ಪ್ರಶ್ನೆ. ನಂತರ ಇನ್ನೂ ದೊಡ್ಡ ಗುಂಪಿನ ಜೊತೆ ಇದೇ ಕೆಲಸ ನಡೆಯಿತು. ನಾಲ್ಕು ವರ್ಷಗಳ ಮಾತುಗಳನ್ನು ಒಟ್ಟಿಗೆ ಇಟ್ಟು ಕೇಳಿದಾಗ ಒಂದು ದಾರಿ ಕಾಣಿಸಿತು. 1970ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಪೆರಿ ಈ ದಾರಿಯನ್ನು 9 ನಿಲುವುಗಳಾಗಿ ವಿಂಗಡಿಸಿದರು. ಅವನ್ನು ನಾಲ್ಕು ಘಟ್ಟಗಳಾಗಿ ಅರ್ಥಮಾಡಿಕೊಳ್ಳಬಹುದು.

ಮೊದಲನೆಯದು ಸರಿ–ತಪ್ಪುಗಳ ಘಟ್ಟ. ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರ ಇದೆ. ಅದು ಮೇಷ್ಟ್ರ ಹತ್ತಿರ ಇದೆ. ಅವರು ಕೊಡುತ್ತಾರೆ, ನಾನು ತೆಗೆದುಕೊಳ್ಳುತ್ತೇನೆ. ಎರಡನೆಯ ಘಟ್ಟದಲ್ಲಿ ವಿದ್ಯಾರ್ಥಿಗೆ ಪಂಡಿತರಲ್ಲೇ ಒಮ್ಮತವಿಲ್ಲ ಎಂಬುದು ಗೊತ್ತಾಗುತ್ತದೆ. ಹಾಗಾದರೆ ‘ಅವರವರ ಅಭಿಪ್ರಾಯ ಅವರವರಿಗೆ’ ಎಂಬ ತೀರ್ಮಾನಕ್ಕೆ ಅವರು ಬರುತ್ತಾರೆ. ಮೂರನೆಯ ಘಟ್ಟದಲ್ಲಿ ಅಭಿಪ್ರಾಯಗಳೆಲ್ಲ ಒಂದೇ ತೂಕದವಲ್ಲ, ಆಧಾರ ಮತ್ತು ಸಂದರ್ಭಗಳನ್ನು ನೋಡಿ ತೂಗಬಹುದು ಎಂಬ ಅರಿವು ಮೂಡುತ್ತದೆ. ಕೊನೆಯ ಘಟ್ಟದಲ್ಲಿ, ಪೂರ್ತಿ ಖಚಿತತೆ ಸಿಗದು ಎಂದು ತಿಳಿದೂ ವಿದ್ಯಾರ್ಥಿ ತೂಗಿ ನೋಡಿ ಒಂದು ನಿಲುವಿಗೆ ಬದ್ಧರಾಗುತ್ತಾರೆ.

ಒಂದೇ ತರಗತಿಯಲ್ಲಿ ಈ ನಾಲ್ಕೂ ಘಟ್ಟಗಳವರು ಪಕ್ಕಪಕ್ಕದಲ್ಲೇ ಕೂತಿರುತ್ತಾರೆ. ಅಧ್ಯಾಪಕರು ಒಂದು ಘಟನೆಗೆ ಮೂರು ವ್ಯಾಖ್ಯಾನಗಳನ್ನು ಮುಂದಿಟ್ಟರೆ ಮೊದಲ ಘಟ್ಟದ ವಿದ್ಯಾರ್ಥಿ, ‘ಇವರು ಸರಿಯುತ್ತರವನ್ನು ಬೇಕೆಂದೇ ಬಚ್ಚಿಡುತ್ತಿದ್ದಾರೆ, ನಾವೇ ಹುಡುಕಲಿ ಎಂದಿರಬೇಕು’ ಎಂದುಕೊಳ್ಳುತ್ತಾರೆ. ಎರಡನೆಯ ಘಟ್ಟದವರು, ‘ನಾನೂ ನನಗೆ ತೋಚಿದ್ದನ್ನು ಬರೆಯಬಹುದು, ಅಂಕ ಕಳೆಯುವ ಹಕ್ಕು ಇವರಿಗೆ ಎಲ್ಲಿಂದ ಬಂತು?’ ಎನ್ನುತ್ತಾರೆ. ಪಾಠ ಒಂದೇ ಆದರೂ ಇಬ್ಬರು ಕೇಳಿಸಿಕೊಂಡದ್ದು ಎರಡು ಬೇರೆ ಪಾಠಗಳನ್ನು.

ಪೆರಿಯ ಕೆಲಸದಲ್ಲಿ ನನಗೆ ಹೆಚ್ಚು ಮುಟ್ಟಿದ್ದು ಈ ವಿಂಗಡಣೆಯಲ್ಲ. ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟುವಾಗ ವಿದ್ಯಾರ್ಥಿ ಏನನ್ನೋ ಕಳೆದುಕೊಳ್ಳುತ್ತಾರೆ ಎಂಬುದನ್ನು ಅವರು ಗಮನಿಸಿದರು. ನಿನ್ನೆಯವರೆಗೆ ಲೋಕಕ್ಕೆ ಒಂದು ಕ್ರಮವಿತ್ತು. ಅಪ್ಪ ಹೇಳಿದ್ದು, ಮೇಷ್ಟ್ರು ಹೇಳಿದ್ದು, ಪುಸ್ತಕ ಹೇಳಿದ್ದು ಒಂದೇ ಆಗಿತ್ತು. ಇವತ್ತು ಅದು ಕುಸಿದಿದೆ. ಕೆಲವರು ಅಲ್ಲೇ ನಿಂತುಬಿಡುತ್ತಾರೆ, ಕೆಲವರು ಹಳೆಯ ಖಚಿತತೆಗೆ ಇನ್ನಷ್ಟು ಸಿಟ್ಟಿನಿಂದ ಮರಳುತ್ತಾರೆ, ಕೆಲವರು ‘ಯಾವುದಾದರೇನು’ ಎಂಬ ಉಡಾಫೆಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಕಲಿಕೆಯಲ್ಲಿ ಒಂದು ಬಗೆಯ ಶೋಕವೂ ಇದೆ, ಅದನ್ನು ಹಂಚಿಕೊಳ್ಳುವುದೂ ಅಧ್ಯಾಪಕರ ಕೆಲಸ ಎಂದು ಪೆರಿ ಮುಂದೆ ವಾದಿಸಿದರು.

ಈ ಅಧ್ಯಯನದ ಮಿತಿ ಎಲ್ಲರಿಗೂ ಕಾಣುವಂಥದ್ದು. ಪೆರಿ ಚಿತ್ರಿಸಿದ ದಾರಿ ಬಹುಮಟ್ಟಿಗೆ ಸಿರಿವಂತ ವಿಶ್ವವಿದ್ಯಾಲಯವೊಂದರ ಗಂಡುಹುಡುಗರ ದಾರಿ. 1986ರಲ್ಲಿ ಮೇರಿ ಬೆಲೆಂಕಿ, ಬ್ಲೈತ್ ಕ್ಲಿಂಚಿ, ನ್ಯಾನ್ಸಿ ಗೋಲ್ಡ್‌ಬರ್ಗರ್ ಮತ್ತು ಜಿಲ್ ಟರೂಲ್ ಎಂಬ ನಾಲ್ವರು 135 ಮಹಿಳೆಯರ ಜೊತೆ ಮಾತನಾಡಿ ಬರೆದ ಪುಸ್ತಕ ಬೇರೆಯದೇ ಚಿತ್ರ ಕೊಟ್ಟಿತು. ಅವರು ಕಾಲೇಜುಗಳಿಗೆ ಮಾತ್ರ ಹೋಗಲಿಲ್ಲ. ಎಳೆಯ ತಾಯಂದಿರಿಗೆ ನೆರವು ಕೊಡುವ ಸಂಸ್ಥೆಗಳಿಗೂ ಹೋದರು. ಅಲ್ಲಿ ಅವರಿಗೆ ಪೆರಿಯ ಮೊದಲ ಘಟ್ಟಕ್ಕಿಂತಲೂ ಹಿಂದಿನ ಒಂದು ಸ್ಥಿತಿ ಕಂಡಿತು. ಅದಕ್ಕೆ ಅವರು ‘ಮೌನ’ ಎಂದು ಹೆಸರಿಟ್ಟರು. ತಾನೊಬ್ಬಳು ತಿಳಿಯಬಲ್ಲವಳು ಎಂಬ ನಂಬಿಕೆಯೇ ಇಲ್ಲದ ಸ್ಥಿತಿ ಅದು. ಇನ್ನೊಂದನ್ನೂ ಅವರು ಗುರುತಿಸಿದರು: ಎದುರಾಳಿಯ ಮಾತಿನಲ್ಲಿ ಹುಳುಕು ಹುಡುಕುವುದಷ್ಟೇ ವಿಚಾರ ಮಾಡುವ ದಾರಿಯಲ್ಲ, ಅವರ ಜಾಗದಲ್ಲಿ ನಿಂತು ‘ಹೀಗೇಕೆ ಅನ್ನಿಸಿರಬಹುದು’ ಎಂದು ಕೇಳಿಕೊಳ್ಳುವುದೂ ಗಟ್ಟಿಯಾದ ವಿಚಾರಮಾರ್ಗವೇ. ಹಿಂದಿನ ಬೆಂಚಿನಲ್ಲಿ ವರ್ಷಪೂರ್ತಿ ಮಾತಾಡದೆ ಕೂತು, ಉತ್ತರಪತ್ರಿಕೆಯಲ್ಲಿ ಮಾತ್ರ ಅಕ್ಷರ ತಪ್ಪದೆ ಪಾಠ ಒಪ್ಪಿಸುವ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಆ ‘ಮೌನ’ದ ಮಾತು ನೆನಪಾಗುತ್ತದೆ.

1990ರಲ್ಲಿ ಮಾರ್ಲೀನ್ ಶೋಮರ್ ಈ ಪ್ರಶ್ನೆಯನ್ನು ಬಿಡಿಸಿ ನೋಡಿದರು. ಜ್ಞಾನದ ಬಗೆಗಿನ ನಂಬಿಕೆ ಒಂದೇ ಏಣಿಯ ಮೆಟ್ಟಿಲುಗಳಲ್ಲ, ಹಲವು ಬಿಡಿ ಎಳೆಗಳು ಎಂಬುದು ಅವರ ವಾದ. ಜ್ಞಾನ ಸ್ಥಿರವೋ ಬದಲಾಗುವಂಥದ್ದೋ? ಬಿಡಿಬಿಡಿ ಸಂಗತಿಗಳ ರಾಶಿಯೋ, ಒಂದಕ್ಕೊಂದು ಹೆಣೆದುಕೊಂಡದ್ದೋ? ಕಲಿಯುವುದಾದರೆ ಥಟ್ಟನೆ ಬರಬೇಕೋ, ನಿಧಾನವಾಗಿ ಬರುವುದೋ? ಬುದ್ಧಿ ಹುಟ್ಟಿನಿಂದ ಬಂದಷ್ಟೇನೋ, ಬೆಳೆಸಿಕೊಳ್ಳಬಹುದಾದದ್ದೋ? ಕೊನೆಯ ಪ್ಯಾರಾ ತೆಗೆದುಹಾಕಿದ ಲೇಖನವನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ‘ತೀರ್ಮಾನ ನೀವೇ ಬರೆಯಿರಿ’ ಎಂದರು. ಜ್ಞಾನ ಖಚಿತ ಎಂದು ನಂಬಿದವರು, ಲೇಖನದಲ್ಲಿ ಹಲವು ಸಿದ್ಧಾಂತಗಳ ಜಗಳವಿದ್ದರೂ, ಒಂದೇ ಏಟಿಗೆ ಖಡಾಖಂಡಿತ ತೀರ್ಪು ಬರೆದರು. ಕಲಿಕೆ ಥಟ್ಟನೆ ಆಗಬೇಕು ಎಂದು ನಂಬಿದವರು ತೀರಾ ಸರಳ ತೀರ್ಮಾನ ಬರೆದರು. ಅಷ್ಟೇ ಅಲ್ಲ, ತಮಗೆ ವಿಷಯ ಚೆನ್ನಾಗಿ ಅರ್ಥವಾಗಿದೆ ಎಂದೂ ಭಾವಿಸಿದ್ದರು. ಅರ್ಥವಾಗಿಲ್ಲ ಎಂಬುದು ಗೊತ್ತಾದರೆ ಮತ್ತೆ ಓದುತ್ತೇವೆ. ಅದೇ ಗೊತ್ತಾಗದಿದ್ದರೆ ಪುಸ್ತಕ ಮುಚ್ಚಿ ಏಳುತ್ತೇವೆ.

ಗಣಿತದಲ್ಲಿ ಇದು ಇನ್ನೂ ಸ್ಪಷ್ಟ. 1983ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು. ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಸುತ್ತಾರೆ. 1128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸು ಬೇಕು? ಸುಮಾರು 70% ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ 29% ಮಕ್ಕಳು ಬರೆದ ಉತ್ತರ ‘31 ಬಸ್ಸು, ಶೇಷ 12’. 32 ಎಂದು ಬರೆದವರು 23% ಮಾತ್ರ. ಶೇಷವಾಗಿ ಉಳಿದ ಆ 12 ಸೈನಿಕರನ್ನು ರಸ್ತೆಯಲ್ಲಿ ಬಿಟ್ಟು ಹೋಗುವ ಬಸ್ಸನ್ನು ಯಾವ ಮಗುವೂ ನೋಡಿಲ್ಲ. ಆದರೂ ಬರೆದರು. ಯಾಕೆಂದರೆ ಬಸ್ಸು ಇರುವುದು ಲೋಕದಲ್ಲಿ, ಲೆಕ್ಕ ಇರುವುದು ನೋಟ್‌ಬುಕ್ಕಿನಲ್ಲಿ. ಎರಡಕ್ಕೂ ಸಂಬಂಧವಿಲ್ಲ ಎಂಬುದನ್ನು ಶಾಲೆ ಅವರಿಗೆ ಚೆನ್ನಾಗಿ ಕಲಿಸಿತ್ತು. ಅದೇ ದಶಕದಲ್ಲಿ ಗಣಿತ ಶಿಕ್ಷಣದ ವಿದ್ವಾಂಸ ಅಲನ್ ಶೋನ್‌ಫೀಲ್ಡ್ ಪ್ರೌಢಶಾಲೆಯ ಮಕ್ಕಳನ್ನು ಕೇಳಿದರು: ಒಂದು ಲೆಕ್ಕ ನಿಮ್ಮಿಂದಾಗದು ಎಂದು ಕೈಬಿಡುವ ಮುಂಚೆ ಎಷ್ಟು ಹೊತ್ತು ಪ್ರಯತ್ನಿಸಬೇಕು? ಸರಾಸರಿ ಉತ್ತರ ಸುಮಾರು 12 ನಿಮಿಷ. ಹೀಗೆ ನಂಬಿದ ಮಗು ಹದಿಮೂರನೆಯ ನಿಮಿಷಕ್ಕೆ ಎದ್ದು ಹೋಗುತ್ತದೆ, ತನಗೆ ಗಣಿತದ ತಲೆಯಿಲ್ಲ ಎಂಬ ತೀರ್ಮಾನವನ್ನೂ ಜೊತೆಗೆ ಒಯ್ಯುತ್ತದೆ.

ಇನ್ನು ನನ್ನ ವಿಷಯಕ್ಕೆ, ಅಂದರೆ ಇತಿಹಾಸಕ್ಕೆ ಬರುತ್ತೇನೆ.

1775ರ ಏಪ್ರಿಲ್ 19ರ ಮುಂಜಾನೆ ಮಸಾಚುಸೆಟ್ಸ್‌ನ ಲೆಕ್ಸಿಂಗ್ಟನ್ ಎಂಬ ಊರಿನ ಬಯಲಿನಲ್ಲಿ ಬ್ರಿಟಿಷ್ ಪಡೆಯೂ ಊರಿನ ಹೋರಾಟಗಾರರೂ ಎದುರುಬದುರಾದರು. ಗುಂಡು ಹಾರಿತು. ಊರಿನ 8 ಮಂದಿ ಸತ್ತರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಲ್ಲಿಂದ ಶುರುವಾಯಿತು. ಮೊದಲ ಗುಂಡು ಹಾರಿಸಿದವರು ಯಾರು? ಊರಿನ 34 ಮಂದಿ ಏಪ್ರಿಲ್ 25ರಂದು ಪ್ರಮಾಣ ಮಾಡಿ, ಬ್ರಿಟಿಷರೇ ಎಂದು ಹೇಳಿಕೆ ಬರೆದುಕೊಟ್ಟರು. ಬ್ರಿಟಿಷ್ ಅಧಿಕಾರಿ ಜಾನ್ ಬಾರ್ಕರ್ ತನ್ನ ದಿನಚರಿಯಲ್ಲಿ ಅದಕ್ಕೆ ತದ್ವಿರುದ್ಧವಾಗಿ ಬರೆದ. ಇವತ್ತಿಗೂ ಆ ಪ್ರಶ್ನೆ ಬಗೆಹರಿದಿಲ್ಲ.

ಸ್ಯಾಮ್ ವೈನ್‌ಬರ್ಗ್ ಎಂಬ ಸಂಶೋಧಕರು ಈ ಘಟನೆಯ ಬಗೆಗಿನ 8 ಬರಹಗಳನ್ನು ಒಂದು ಕಡೆ 8 ಇತಿಹಾಸಕಾರರಿಗೆ, ಇನ್ನೊಂದು ಕಡೆ ಪ್ರೌಢಶಾಲೆಯ 8 ಜಾಣ ವಿದ್ಯಾರ್ಥಿಗಳಿಗೆ ಕೊಟ್ಟರು. ಓದುತ್ತಾ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಹೋಗಬೇಕು. ದಾಖಲೆಗಳಲ್ಲಿ ಪ್ರಮಾಣಪತ್ರ, ದಿನಚರಿ, ಕಾದಂಬರಿಯ ಭಾಗ ಮತ್ತು ಶಾಲಾ ಪಠ್ಯದ ಒಂದು ತುಣುಕು ಸೇರಿದ್ದವು. 1991ರಲ್ಲಿ ಪ್ರಕಟವಾದ ಫಲಿತಾಂಶ ಇದು: ಇತಿಹಾಸಕಾರರು ಬಹುತೇಕ ಪ್ರತಿಸಲವೂ ಮೊದಲು ನೋಡಿದ್ದು ‘ಇದನ್ನು ಬರೆದವರು ಯಾರು, ಯಾವಾಗ, ಯಾತಕ್ಕೆ’ ಎಂಬುದನ್ನು. ವಿದ್ಯಾರ್ಥಿಗಳು ಮೂರರಲ್ಲಿ ಒಂದು ಸಲವೂ ಹಾಗೆ ಮಾಡಲಿಲ್ಲ. ವಿದ್ಯಾರ್ಥಿಗಳಿಗೆ ಬಹಳ ನಂಬಿಕಸ್ಥವಾಗಿ ಕಂಡದ್ದು ಪಠ್ಯಪುಸ್ತಕ. ಇತಿಹಾಸಕಾರರು ಅದನ್ನು ನಂಬಿಕೆಯ ಪಟ್ಟಿಯ ತಳಕ್ಕೆ ತಳ್ಳಿದ್ದರು.

ಇದು ಮಾಹಿತಿಯ ಕೊರತೆಯ ಫಲವಲ್ಲ ಎಂಬುದನ್ನು ಗಮನಿಸಬೇಕು. ಆ ಇತಿಹಾಸಕಾರರಲ್ಲಿ ಕೆಲವರ ವಿಶೇಷ ಕ್ಷೇತ್ರ ಬೇರೆಯೇ ಆಗಿತ್ತು. ಅಮೆರಿಕದ ಕ್ರಾಂತಿಯ ಬಿಡಿ ಸಂಗತಿಗಳನ್ನು ಕೇಳಿದರೆ ಕೆಲವು ವಿದ್ಯಾರ್ಥಿಗಳು ಅವರನ್ನು ಮೀರಿಸಬಲ್ಲವರಾಗಿದ್ದರು. ವ್ಯತ್ಯಾಸವಿದ್ದದ್ದು ನಂಬಿಕೆಯಲ್ಲಿ. ವಿದ್ಯಾರ್ಥಿಗೆ ಬರಹವೆಂದರೆ ಮಾಹಿತಿ ತುಂಬಿದ ಚೀಲ, ಇತಿಹಾಸಕಾರರಿಗೆ ಅದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಏನೋ ಉದ್ದೇಶವಿಟ್ಟುಕೊಂಡು ಆಡಿದ ಮಾತು.

ಈಗ ಲೆಕ್ಸಿಂಗ್ಟನ್ ಬಿಟ್ಟು ತಾಳಗುಂದಕ್ಕೆ ಬನ್ನಿ. ಕನ್ನಡ ನಾಡಿನ ಶಾಲೆಯಲ್ಲಿ ಓದಿದ ಯಾರನ್ನು ಕೇಳಿದರೂ ಮಯೂರಶರ್ಮನ ಕಥೆ ಹೇಳುತ್ತಾರೆ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಅವಮಾನದಿಂದ ಸಿಡಿದೆದ್ದು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು, ಕದಂಬ ರಾಜ್ಯ ಕಟ್ಟಿದ್ದು. ದೇವುಡು ಅವರ ಕಾದಂಬರಿ, ಅದನ್ನು ಆಧರಿಸಿ 1975ರಲ್ಲಿ ಬಂದ ರಾಜಕುಮಾರ್ ಅವರ ‘ಮಯೂರ’ ಚಿತ್ರ, ಇವು ಆ ಕಥೆಯನ್ನು ಮನೆಮನೆಗೆ ತಲುಪಿಸಿದವು. ಪಠ್ಯದಲ್ಲಿ ಅದು ನಡೆದ ಸಂಗತಿಯಾಗಿ ಅಚ್ಚಾಗಿರುತ್ತದೆ. ಆದರೆ ನಮಗೆ ಅದು ತಿಳಿದದ್ದು ಎಲ್ಲಿಂದ? ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬದ ಶಾಸನದಿಂದ. ಅದನ್ನು ಸಂಸ್ಕೃತ ಪದ್ಯದಲ್ಲಿ ರಚಿಸಿದ ಕವಿ ಕುಬ್ಜ. ಬರೆಸಿದ್ದು ಮಯೂರನ ವಂಶದವನೇ ಆದ ಶಾಂತಿವರ್ಮನ ಕಾಲದಲ್ಲಿ, ಅಂದರೆ ಘಟನೆ ನಡೆಯಿತೆನ್ನುವ ಕಾಲಕ್ಕೆ ಸುಮಾರು ನೂರು ವರ್ಷಗಳ ನಂತರ. ತಮ್ಮ ಮನೆತನ ಅಧಿಕಾರಕ್ಕೆ ಬಂದದ್ದು ನ್ಯಾಯವಾಗಿಯೇ ಎಂದು ಹೇಳಿಕೊಳ್ಳಬೇಕಾದ ಅಗತ್ಯ ಅವರಿಗಿತ್ತು.

ಇದರಿಂದ ಕಥೆ ಸುಳ್ಳು ಎಂದಾಗುವುದಿಲ್ಲ. ನೂರು ವರ್ಷದ ಹಿಂದಿನ ಪೂರ್ವಿಕರ ಮಾತು ಮನೆತನದಲ್ಲಿ ಉಳಿದು ಬರಬಹುದು. ಬ್ರಾಹ್ಮಣನೊಬ್ಬ ಕ್ಷತ್ರಿಯನ ಕೆಲಸಕ್ಕಿಳಿದದ್ದಕ್ಕೆ ಐದನೆಯ ತಲೆಮಾರೂ ಸಮಾಧಾನ ಹೇಳುತ್ತಿದೆ ಎಂದರೆ, ಆ ಸಮಾಜದ ಬಗ್ಗೆ ಅದೇ ಒಂದು ದೊಡ್ಡ ಸಾಕ್ಷ್ಯ. ಶಾಸನವನ್ನು ಹೀಗೆ ಓದಿದರೆ ಎರಡು ಕಾಲಗಳ ಬಗ್ಗೆ ತಿಳಿಯುತ್ತದೆ: ಮಯೂರನ ಕಾಲದ ಬಗ್ಗೆ ಅಷ್ಟಿಷ್ಟು, ಅದನ್ನು ಬರೆಸಿದವರ ಕಾಲದ ಬಗ್ಗೆ ಇನ್ನೂ ಹೆಚ್ಚು. ಮಾಹಿತಿಯ ಚೀಲವೆಂದು ಓದಿದವರಿಗೆ ಸಿಗುವುದು ಎರಡು ಅಂಕದ ಉತ್ತರ ಮಾತ್ರ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇಂಥ ಅನುಭವ ಇದ್ದೇ ಇರುತ್ತದೆ. ‘ಕವಿರಾಜಮಾರ್ಗ’ದ ಕರ್ತೃ ಯಾರು? 1898ರಲ್ಲಿ ಕೆ.ಬಿ. ಪಾಠಕರು ಆ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ನೃಪತುಂಗ ಎಂದು ಕಲಿತವರಿದ್ದಾರೆ, ಶ್ರೀವಿಜಯ ಎಂದು ಕಲಿತವರಿದ್ದಾರೆ. ಹಲ್ಮಿಡಿ ಶಾಸನವನ್ನು ಕನ್ನಡದ ಮೊದಲ ಶಾಸನವೆಂದೂ ಅದರ ಕಾಲ ಕ್ರಿ.ಶ. 450 ಎಂದೂ ಎಲ್ಲರೂ ಉರು ಹೊಡೆದಿದ್ದೇವೆ. ಆದರೆ ಆ ಶಾಸನದಲ್ಲಿ ಕಾಲವನ್ನು ಬರೆದೇ ಇಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದ ಮೇಲೆ, ಲಿಪಿಯನ್ನೂ ಅದರಲ್ಲಿ ಬರುವ ಹೆಸರುಗಳನ್ನೂ ನೋಡಿ ಕಟ್ಟಿದ ಊಹೆ ಅದು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಇದೆ. ಈಚೆಗೆ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಸುಮಾರು 370ರದ್ದು, ಹಲ್ಮಿಡಿಗಿಂತ ಹಳೆಯದು ಎಂಬ ವಾದ ಬಂದಿದೆ. ಅದರ ಮೇಲೂ ಚರ್ಚೆ ಇದೆ. ಇಷ್ಟನ್ನೂ ತರಗತಿಯಲ್ಲಿ ವಿವರಿಸಿದ ಮೇಲೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: “ಸಾರ್, ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?”

ಈ ಪ್ರಶ್ನೆ ಕೇಳುವವರನ್ನು ಹಂಗಿಸುವುದು ಸುಲಭ. ಆದರೆ ಅದು ಬಹಳ ವಿವೇಕದ ಪ್ರಶ್ನೆ. ಜ್ಞಾನ ಎಂದರೇನು ಎಂಬುದರ ಬಗ್ಗೆ ಸಂಸ್ಥೆ ಏನು ನಂಬಿದೆ ಎಂಬುದನ್ನು ವಿದ್ಯಾರ್ಥಿ ಸರಿಯಾಗಿ ಓದಿಕೊಂಡಿದ್ದಾರೆ. ಅಧ್ಯಾಪಕರ ಭಾಷಣ ಏನೇ ಹೇಳಲಿ, ಪ್ರಶ್ನೆಪತ್ರಿಕೆ ಹೇಳುವುದೇ ನಿಜವಾದ ಪಾಠ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಲಂಡನ್ನಿನ ಮಾದರಿಯಲ್ಲಿ ಅವು ಪರೀಕ್ಷೆ ನಡೆಸುವ ಸಂಸ್ಥೆಗಳಾಗಿಯೇ ಹುಟ್ಟಿದವು. ಪಾಠ ಮಾಡುವ ಕೆಲಸ ಕಾಲೇಜುಗಳದ್ದು. 1902ರ ಭಾರತೀಯ ವಿಶ್ವವಿದ್ಯಾಲಯಗಳ ಆಯೋಗವೇ, ಇಲ್ಲಿ ಪರೀಕ್ಷೆ ಪಾಠವನ್ನು ಹಿಂಬಾಲಿಸುವ ಬದಲು ಪಾಠವೇ ಪರೀಕ್ಷೆಯನ್ನು ಹಿಂಬಾಲಿಸುತ್ತಿದೆ, ಇದೇ ದೊಡ್ಡ ಕೇಡು ಎಂದು ಹೇಳಿತು. 1993ರಲ್ಲಿ ಯಶಪಾಲ್ ಸಮಿತಿ ‘ಹೊರೆಯಿಲ್ಲದ ಕಲಿಕೆ’ಯ ವರದಿಯಲ್ಲಿ ಮಕ್ಕಳ ಮೇಲಿನ ದೊಡ್ಡ ಹೊರೆ ಚೀಲದ ತೂಕವಲ್ಲ, ಅರ್ಥವಾಗದೇ ಇರುವುದರ ತೂಕ ಎಂಬ ಮಾತನ್ನು ಮುಂದಿಟ್ಟಿತು. ನೂರು ವರ್ಷಗಳಲ್ಲಿ ರೋಗದ ಹೆಸರು ಬದಲಾಗಿಲ್ಲ.

ಹಾಗೆಂದು ಬಾಯಿಪಾಠವನ್ನೇ ಹೊಣೆ ಮಾಡುವುದು ಸರಿಯಲ್ಲ. ನಮ್ಮ ಕೂಲಿಮಠಗಳಲ್ಲಿ ಅಮರಕೋಶ, ಮಗ್ಗಿ, ಜೈಮಿನಿ ಭಾರತದ ಪದ್ಯಗಳು ಬಾಯಿಗೆ ಬರಬೇಕಿತ್ತು. ಪದ್ಯ ನಾಲಿಗೆಯ ಮೇಲಿದ್ದವನಿಗೆ ಅದರ ಅರ್ಥ ಹತ್ತು ವರ್ಷದ ಮೇಲೂ ಬಿಚ್ಚಿಕೊಳ್ಳಬಹುದು. ಚೀನೀ ವಿದ್ಯಾರ್ಥಿಗಳನ್ನು ಅಭ್ಯಾಸ ಮಾಡಿದ ಸ್ವೀಡನ್ನಿನ ಫೆರೆನ್ಸ್ ಮಾರ್ಟನ್ ಮತ್ತಿತರರು 1990ರ ದಶಕದಲ್ಲಿ ಇದನ್ನೇ ಕಂಡರು: ಮತ್ತೆ ಮತ್ತೆ ಹೇಳಿಕೊಳ್ಳುವುದು ಕೆಲವರಿಗೆ ಅರ್ಥ ಆಳವಾಗುವ ದಾರಿ, ಅರ್ಥಕ್ಕೆ ಬದಲಿಯಲ್ಲ. ತೊಂದರೆ ಇರುವುದು ನೆನಪಿಟ್ಟುಕೊಳ್ಳುವುದರಲ್ಲಲ್ಲ, ನೆನಪಿಟ್ಟುಕೊಂಡಲ್ಲಿಗೆ ಕೆಲಸ ಮುಗಿಯಿತು ಎಂಬ ನಂಬಿಕೆಯಲ್ಲಿ. ನಮ್ಮ ಶಾಸ್ತ್ರಗ್ರಂಥಗಳ ಕ್ರಮವೇ ಬೇರೆ ಇತ್ತು. ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಮೊದಲು ಬಲವಾಗಿ ಮಂಡಿಸಬೇಕು, ಆಮೇಲೆ ಸಿದ್ಧಾಂತ. ಜೈನರ ಅನೇಕಾಂತವಾದ ವಸ್ತುವಿಗೆ ಹಲವು ಮುಖಗಳಿವೆ ಎಂದಿತು. ಆದರೆ ‘ಯಾರು ಏನು ಹೇಳಿದರೂ ಸರಿ’ ಎನ್ನಲಿಲ್ಲ, ಯಾವ ನೋಟದಿಂದ ಹಾಗೆ ಹೇಳುತ್ತಿದ್ದೀಯೆ ಎಂದು ಸ್ಪಷ್ಟಪಡಿಸು ಎಂದಿತು. ಪೆರಿಯ ಎರಡನೆಯ ಮತ್ತು ಮೂರನೆಯ ಘಟ್ಟಗಳ ನಡುವಿನ ಗೆರೆ ಇಲ್ಲಿಯೇ ಇದೆ.

ಆ ಗೆರೆ ಇವತ್ತು ನಮಗೆ ತುಂಬ ಮುಖ್ಯ. ‘ಪುಸ್ತಕದಲ್ಲಿದೆ, ಆದ್ದರಿಂದ ನಿಜ’ ಎಂಬ ಕಾಲ ಸರಿಯುತ್ತಿದೆ. ಅದರ ಜಾಗಕ್ಕೆ ಬಂದಿರುವುದು ವಿಮರ್ಶೆಯಲ್ಲ. ‘ಅದು ನಿಮ್ಮ ಇತಿಹಾಸ, ಇದು ನಮ್ಮ ಇತಿಹಾಸ’ ಎಂಬ ವಾಟ್ಸಾಪಿನ ತತ್ತ್ವ. ಪಠ್ಯಪುಸ್ತಕವನ್ನು ಸುಮ್ಮನೆ ನಂಬಿದ ಹುಡುಗರೇ, ಅದು ಬದಲಾಗುವುದನ್ನು ಕಂಡಾಗ, ಎಲ್ಲವೂ ಬರೀ ರಾಜಕೀಯ ಎಂದು ಕೈಚೆಲ್ಲುತ್ತಾರೆ. ಖಚಿತತೆ ಒಡೆದಾಗ ತೂಗಿ ನೋಡುವ ತಕ್ಕಡಿ ಕೈಯಲ್ಲಿ ಇಲ್ಲದಿದ್ದರೆ ಉಳಿಯುವುದು ಸಿನಿಕತನ. ಇಲ್ಲಿ ಇತಿಹಾಸಕಾರರೂ ಬೀಗುವಂತಿಲ್ಲ. ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇನ್ನೊಂದು ಅಧ್ಯಯನ ಹೊರತಂದರು: 10 ಇತಿಹಾಸಕಾರರು, 10 ವೃತ್ತಿನಿರತ ಸತ್ಯಶೋಧಕ ಪತ್ರಕರ್ತರು, ಸ್ಟ್ಯಾನ್‌ಫರ್ಡ್‌ನ 25 ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆ? ವಿದ್ಯಾರ್ಥಿಗಳ ಹಾಗೆಯೇ ಇತಿಹಾಸಕಾರರೂ ಆಗಾಗ ತಾಣದ ಒಳಗೇ ಸುತ್ತುತ್ತಾ ಅದರ ಅಂದಚಂದಕ್ಕೆ, ಅಧಿಕೃತವಾಗಿ ಕಾಣುವ ಹೆಸರಿಗೆ ಮೋಸಹೋದರು. ಪತ್ರಕರ್ತರು ಕೂಡಲೇ ಹೊರಗೆ ಬಂದು, ಈ ತಾಣ ನಡೆಸುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಕಾಗದದ ಮೇಲೆ ಕಲಿತ ವಿವೇಕ ಪರದೆಯ ಮೇಲೆ ತಾನಾಗಿ ಬರುವುದಿಲ್ಲ.

ಇದು ನಮಗೆ ಒಂದು ಒಳ್ಳೆಯ ಸುಳಿವನ್ನೂ ಕೊಡುತ್ತದೆ. ನಂಬಿಕೆಗಳು ತಲೆಯೊಳಗೆ ಒಂದೇ ಬಣ್ಣದಲ್ಲಿ ಕೂತಿರುವುದಿಲ್ಲ, ಸಂದರ್ಭಕ್ಕೆ ತಕ್ಕಂತೆ ಏಳುತ್ತವೆ ಎಂದು ಭೌತಶಾಸ್ತ್ರ ಶಿಕ್ಷಣದ ಸಂಶೋಧಕರಾದ ಡೇವಿಡ್ ಹ್ಯಾಮರ್ ಮತ್ತು ಆಂಡ್ರ್ಯೂ ಎಲ್ಬಿ ವಾದಿಸಿದ್ದಾರೆ. ನನ್ನ ಅನುಭವ ಈ ಮಾತನ್ನು ಒಪ್ಪುತ್ತದೆ. ತರಗತಿಯಲ್ಲಿ ಶಾಸನದ ಮಾತನ್ನು ಹಾಗೇ ನುಂಗುವ ಹುಡುಗ, ಊರಿನ ಅರಳಿಕಟ್ಟೆಯಲ್ಲಿ ಜಮೀನು ಜಗಳದ ಸುದ್ದಿ ಬಂದರೆ ಏನು ಕೇಳುತ್ತಾನೆ? ‘ಯಾರು ಹೇಳಿದ್ದು? ಅವನು ಅಲ್ಲಿದ್ದನಾ? ಅವನಿಗೂ ಇವನಿಗೂ ಆಗಿಬರುತ್ತದಾ?’ ಇತಿಹಾಸಕಾರರು ಮಾಡುವುದೂ ಇದನ್ನೇ. ಎಲ್‌ಬಿಡಬ್ಲ್ಯೂ ಕೊಟ್ಟದ್ದು ಸರಿಯೋ ತಪ್ಪೋ ಎಂದು ಅರ್ಧ ಗಂಟೆ ಸಾಕ್ಷ್ಯ ಸಮೇತ ವಾದಿಸುವ ಹುಡುಗಿಗೆ ಆಧಾರ ತೂಗಲು ಬರುವುದಿಲ್ಲ ಎನ್ನಲಾಗದು. ಅವರಲ್ಲಿ ಆ ಶಕ್ತಿ ಇದೆ. ಅದನ್ನು ತರಗತಿಯ ಒಳಗೆ ತರಬಹುದು ಎಂದು ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ.

ಹೇಳುವುದಕ್ಕೆ ದೊಡ್ಡ ಸುಧಾರಣೆಗೆ ಕಾಯಬೇಕಾಗಿಲ್ಲ. ‘ಮಯೂರಶರ್ಮನು ಕಂಚಿಗೆ ಏಕೆ ಹೋದನು?’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಇದನ್ನು ನಮಗೆ ಹೇಳುತ್ತಿರುವವರು ಯಾರು, ಅವರಿಗೆ ಈ ಕಥೆ ಏಕೆ ಬೇಕಿತ್ತು?’ ಎಂಬ ಇನ್ನೊಂದನ್ನು ಇಡಬಹುದು. ‘ಹಲ್ಮಿಡಿ ಶಾಸನದ ಕಾಲ ಯಾವುದು?’ ಎನ್ನುವ ಬದಲು ‘ಕಾಲವನ್ನು ಬರೆಯದ ಶಾಸನದ ಕಾಲವನ್ನು ಹೇಗೆ ಊಹಿಸುತ್ತಾರೆ?’ ಎಂದು ಕೇಳಬಹುದು. ಎರಡು ಭಿನ್ನ ಅಭಿಪ್ರಾಯಗಳನ್ನು ಮುಂದಿಟ್ಟು, ‘ನೀವು ಯಾವುದನ್ನು ಒಪ್ಪುತ್ತೀರಿ?’ ಎಂದಷ್ಟೇ ಕೇಳಿ ಬಿಡಬಾರದು. ‘ಯಾವ ಹೊಸ ಸಾಕ್ಷ್ಯ ಸಿಕ್ಕರೆ ನಿಮ್ಮ ಮನಸ್ಸು ಬದಲಾಗುತ್ತದೆ?’ ಎಂದೂ ಕೇಳಬೇಕು. ಕೊನೆಯ ಈ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ, ನಮ್ಮಲ್ಲಿರುವುದು ಅಭಿಪ್ರಾಯವಲ್ಲ, ಹಟ.

ನೀವು ವಿದ್ಯಾರ್ಥಿಯಾಗಿದ್ದರೆ, ಇವತ್ತು ಓದಲು ಕೂತ ಅಧ್ಯಾಯದ ಕೊನೆಯ ಪುಟವನ್ನು ಮೊದಲು ತಿರುಗಿಸಿ ನೋಡಿ. ಬರೆದವರು ಯಾರು, ಎಂದು ಬರೆದರು ನೋಡಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಪರೀಕ್ಷೆಯಲ್ಲಿ ಹಲ್ಮಿಡಿಗೆ 450 ಎಂದೇ ಬರೆಯಿರಿ, ಅಂಕ ಬೇಕಲ್ಲ. ಆದರೆ ಆ ಅಂಕಿಯ ಹಿಂದೆ ಒಬ್ಬ ವಿದ್ವಾಂಸರು ಕಲ್ಲಿನ ಮುಂದೆ ಕೂತು, ಅಕ್ಷರಗಳ ಬಳುಕನ್ನು ನೋಡಿ, ‘ಸುಮಾರು’ ಎಂಬ ಪದವನ್ನು ಸೇರಿಸಿಯೇ ಅದನ್ನು ಬರೆದದ್ದು ಎಂಬುದು ನಿಮ್ಮ ಮನಸ್ಸಿನಲ್ಲಿರಲಿ.